ಕೈಯಾಗುವ ಯಂತ್ರ ಬೇಕು, ಕೈ ಕೊಡುವ ಯಂತ್ರವಲ್ಲ

ಹಾಸಿಗೆಯ ಅಂಚಿನಿಂದ ಮೊಬೈಲ್ ಜಾರಿ ನೆಲಕ್ಕೆ ಬೀಳುತ್ತದೆ. ಓಡಾಡಬಲ್ಲವರು ಬಗ್ಗಿ ಎತ್ತಿಕೊಂಡು ಅದನ್ನು ಮರೆತೇಬಿಡುತ್ತಾರೆ. ಕುತ್ತಿಗೆಯಿಂದ ಕೆಳಗೆ ದೇಹ ಮಾತು ಕೇಳದವರಿಗೆ ಅದು ಮುಂದಿನ ನಾಲ್ಕು ಗಂಟೆಗಳ ಕಥೆ. ಯಾರಾದರೂ ಬರುವವರೆಗೆ ಫೋನ್ ಕಣ್ಣೆದುರೇ ರಿಂಗಾಗುತ್ತಾ ಬಿದ್ದಿರುತ್ತದೆ, ಬರಬೇಕಾದವರನ್ನು ಕರೆಯುವುದಕ್ಕೂ ಅದೇ ಫೋನ್ ಬೇಕು.

ಮನೆಯೊಳಗಿನ ಸಹಾಯಕ ರೋಬೋಟ್ ಬಗ್ಗೆ ಮಾತು ಬಂದಾಗಲೆಲ್ಲ ನಾನು ಈ ಫೋನನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ. ಜೊತೆಗೆ ಇನ್ನೊಂದು ಪ್ರಶ್ನೆ: ಎತ್ತಲು ಹೋದ ರೋಬೋಟೇ ಅರ್ಧ ದಾರಿಯಲ್ಲಿ ಕೆಟ್ಟು ನಿಂತರೆ? ಮಿಕ್ಸಿ, ಫ್ಯಾನು, ವಾಷಿಂಗ್ ಮಷೀನು ಎಲ್ಲದರ ವಿನ್ಯಾಸದ ಹಿಂದೆಯೂ ಒಂದು ಬಾಯಿಬಿಟ್ಟು ಹೇಳದ ನಂಬಿಕೆ ಇದೆ. ಕೆಟ್ಟರೆ ಯಾರೋ ಒಬ್ಬರು ಎದ್ದುಹೋಗಿ ಸ್ವಿಚ್ ಆರಿಸುತ್ತಾರೆ ಎನ್ನುವುದು. ಎದ್ದುಹೋಗಲಾರದವರಿಗಾಗಿ ಕಟ್ಟುವ ಯಂತ್ರಕ್ಕೆ ಆ ನಂಬಿಕೆಯ ಆಸರೆ ಇಲ್ಲ. ಮುಂದೆ ಬರುವ ಆಯ್ಕೆಗಳನ್ನೆಲ್ಲ ನಾನು ತೂಗುವುದು ಈ ತಕ್ಕಡಿಯಲ್ಲಿಯೇ. ಕೆಲಸ ಮಾಡಿಕೊಡುವುದು ಅರ್ಧ ಅಂಕಕ್ಕೆ, ಕೈ ಕೊಡದೆ ಇರುವುದು ಉಳಿದರ್ಧಕ್ಕೆ.

ರೋಬೋಟ್ ಬೇಕೇ ಬೇಕೆ?

ಚಿತ್ರ ಬರೆಯುವ ಮೊದಲು, ಮೋಟಾರು ಕೊಳ್ಳುವ ಮೊದಲು, ಬಳಸುವವರ ಪಕ್ಕದಲ್ಲಿ ಒಂದು ವಾರ ನೋಟ್‌ಬುಕ್ ಇಟ್ಟುಕೊಂಡು ಕೂರಿ. 'ಸ್ವಲ್ಪ ಅದನ್ನು...' ಎಂದು ಅವರು ಇನ್ನೊಬ್ಬರನ್ನು ಕೇಳಿದಾಗಲೆಲ್ಲ ಬರೆದುಕೊಳ್ಳಿ. ವಾರದ ಕೊನೆಗೆ ಪಟ್ಟಿ ತಾನಾಗಿಯೇ ಗುಂಪುಗಳಾಗಿ ಒಡೆಯುತ್ತದೆ: ಬಿದ್ದದ್ದನ್ನು ಎತ್ತಿಕೊಡುವುದು, ಇನ್ನೊಂದು ಕೋಣೆಯಿಂದ ತಂದುಕೊಡುವುದು, ಮೈಗೆ ತಾಗುವ ಕೆಲಸಗಳು, ದೇಹವನ್ನೇ ಎತ್ತಿ ಕೂರಿಸುವುದು, ದೀಪ-ಫ್ಯಾನು-ಪರದೆಗಳ ಉಸಾಬರಿ. ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು 2009ರಲ್ಲಿ ಇದನ್ನೇ ಶಾಸ್ತ್ರೀಯವಾಗಿ ಮಾಡಿದರು. ಎಎಲ್‌ಎಸ್ ಎಂಬ ನರರೋಗ ಇರುವವರನ್ನು ಕೇಳಿ, ರೋಬೋಟ್ ಎತ್ತಿಕೊಡಬೇಕಾದ ಮನೆಬಳಕೆಯ ವಸ್ತುಗಳನ್ನು ಆದ್ಯತೆಯ ಪ್ರಕಾರ ಜೋಡಿಸಿದರು. ಎಂಜಿನಿಯರ್ ತನ್ನ ತಲೆಯಿಂದ ಬರೆಯುವ ಪಟ್ಟಿಗೂ ಕೇಳಿ ಬರೆದ ಪಟ್ಟಿಗೂ ಇರುವ ಅಂತರ ನೋಡಿದವರಿಗೇ ಗೊತ್ತು.

ದೀಪ, ಫ್ಯಾನು, ಪರದೆಗೆ ರೋಬೋಟ್ ಬೇಡ. ಮಾತು ಕೇಳುವ ಸ್ವಿಚ್ಚು ಸಾಕು. ಕೈಯಲ್ಲಿ ಇನ್ನೂ ಹಿಡಿತ ಇದ್ದು ಬಗ್ಗಲು ಮಾತ್ರ ಆಗದವರಿಗೆ ತುದಿಯಲ್ಲಿ ಇಕ್ಕಳವಿರುವ ಉದ್ದ ಕೋಲು ಯಾವ ರೋಬೋಟಿಗೂ ಕಡಿಮೆಯಲ್ಲ. ಚಾರ್ಜು ಬೇಡ, ಅಪ್‌ಡೇಟ್ ಬೇಡ. ದೇಹವನ್ನು ಎತ್ತುವ ಕೆಲಸಕ್ಕೂ ನಾನು ರೋಬೋಟನ್ನು ಶಿಫಾರಸು ಮಾಡುವುದಿಲ್ಲ. ಜಪಾನಿನ ರಿಕೆನ್ ಸಂಸ್ಥೆ 2015ರಲ್ಲಿ ಕರಡಿಮುಖದ ರೋಬೇರ್ ಎಂಬ ಯಂತ್ರವನ್ನು ತೋರಿಸಿತು. ಮನುಷ್ಯರನ್ನು ತೋಳುಗಳಲ್ಲಿ ಎತ್ತಿ ಹಾಸಿಗೆಯಿಂದ ಗಾಲಿಕುರ್ಚಿಗೆ ಸಾಗಿಸುವ ಅದರ ಸ್ವಂತ ತೂಕ 140 ಕೆ.ಜಿ. ಪತ್ರಿಕೆಗಳಲ್ಲಿ ಚಿತ್ರ ಚೆನ್ನಾಗಿ ಬಂತು, ಯಂತ್ರ ಪ್ರಯೋಗಾಲಯದಲ್ಲೇ ಉಳಿಯಿತು. ಛಾವಣಿಗೆ ಹಳಿ ಜೋಡಿಸಿ ತೂಗುಬಿಟ್ಟ ಎತ್ತುವ ಜೋಲಿ ಅದೇ ಕೆಲಸವನ್ನು ಕಡಿಮೆ ಅಪಾಯದಲ್ಲಿ ಮಾಡುತ್ತದೆ.

ಹೀಗೆ ಕಳೆದು ಉಳಿಯುವುದು ಎತ್ತಿಕೊಡುವುದು, ತಂದುಕೊಡುವುದು, ಮೈಗೆ ತಾಗುವುದು. ಈಗ ಯಂತ್ರದ ಮಾತು.

ಕುರ್ಚಿಗೆ ಕಟ್ಟಿದ ತೋಳೋ, ಮನೆಯಲ್ಲಿ ಓಡಾಡುವ ರೋಬೋಟೋ?

ಇದೇ ಮೊದಲ ಮತ್ತು ಅತಿ ದೊಡ್ಡ ಕವಲು.

ಕುರ್ಚಿಗೆ ಕಟ್ಟಿದ ತೋಳಿಗೆ ಒಳ್ಳೆಯ ಉದಾಹರಣೆ ಕೆನಡಾದ ಕಿನೋವಾ ಕಂಪನಿಯ 'ಜಾಕೋ'. ಸ್ಥಾಪಕ ಚಾರ್ಲ್ಸ್ ಡೆಗೀರ್ ಅವರ ಹತ್ತಿರದ ಸಂಬಂಧಿಕರೊಬ್ಬರಿಗೆ ಸ್ನಾಯುಕ್ಷಯವಿತ್ತು, ತೋಳಿಗೆ ಇಟ್ಟದ್ದು ಅವರ ಹೆಸರನ್ನೇ. ಆರು ಕೀಲುಗಳು, ಸುಮಾರು 5 ಕೆ.ಜಿ. ತೂಕ, 90 ಸೆಂ.ಮೀ. ಚಾಚು, ಒಂದೂವರೆ ಕೆ.ಜಿ.ಯ ಆಸುಪಾಸಿನಷ್ಟು ಎತ್ತುವ ಶಕ್ತಿ. ವಿದ್ಯುತ್ ಕುರ್ಚಿಯ ಬ್ಯಾಟರಿಯಿಂದಲೇ ಬರುತ್ತದೆ. ಇದರ ದೊಡ್ಡ ಗುಣ, ತೋಳು ಎಲ್ಲಿದೆ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಮನುಷ್ಯ ಎಲ್ಲಿರುತ್ತಾನೋ ಅದೂ ಅಲ್ಲೇ. ದಾರಿ ಹುಡುಕಬೇಕಿಲ್ಲ, ನಕ್ಷೆ ಬೇಕಿಲ್ಲ, ಕ್ಯಾಮೆರಾ ಕೂಡ ಬೇಕಿಲ್ಲ, ಏಕೆಂದರೆ ನೋಡುವ ಕಣ್ಣು ಬಳಸುವವರದ್ದೇ. ಮನೆಯ ಹೊರಗೂ ಜೊತೆಗೆ ಬರುತ್ತದೆ. ಲೋಟವನ್ನು ತುಟಿಯ ಹತ್ತಿರ ತರುವಂಥ ನಾಜೂಕಿನ ಕೆಲಸಕ್ಕೆ, ದೇಹ ಮತ್ತು ತೋಳು ಒಂದೇ ಚೌಕಟ್ಟಿಗೆ ಬಿಗಿದಿರುವುದರಿಂದ, ಇದಕ್ಕೆ ಸಾಟಿ ಇಲ್ಲ.

ದೋಷವೂ ಅಲ್ಲೇ ಇದೆ. ಕುರ್ಚಿಯಿಂದ ಹಾಸಿಗೆಗೆ ಬಂದ ಕ್ಷಣ ತೋಳು ಕೈಗೆಟುಕದ ದೂರದಲ್ಲಿ ಉಳಿಯುತ್ತದೆ. ಚಲನೆ ತೀರಾ ಸೀಮಿತವಾದವರು ದಿನದ ದೊಡ್ಡ ಪಾಲನ್ನು ಕಳೆಯುವುದು ಹಾಸಿಗೆಯಲ್ಲಿ. ಫೋನ್ ಬೀಳುವುದೂ ಸಾಮಾನ್ಯವಾಗಿ ರಾತ್ರಿಯೇ. ಇನ್ನೊಂದು, ಅಗಲ. ಅಮೆರಿಕದ ಅಂಗವಿಕಲರ ಕಾಯ್ದೆಯ ಮಾನದಂಡ ಬಾಗಿಲಿಗೆ ಕನಿಷ್ಠ 815 ಮಿ.ಮೀ. ತೆರಪು ಕೇಳುತ್ತದೆ, ಹಳೆಯ ಮನೆಗಳ ಸ್ನಾನಗೃಹದ ಬಾಗಿಲು ಅಷ್ಟಿರುವುದೇ ಅಪರೂಪ. ವಿದ್ಯುತ್ ಗಾಲಿಕುರ್ಚಿಯೇ 60ರಿಂದ 70 ಸೆಂ.ಮೀ. ಅಗಲ. ಪಕ್ಕದಲ್ಲಿ ತೋಳು ಕೂತರೆ ದಿನಕ್ಕೊಂದು ಸಲವಾದರೂ ಬಾಗಿಲಿನ ಚೌಕಟ್ಟಿಗೆ ಮೊಣಕೈ ತಾಗುತ್ತದೆ. ತೋಳನ್ನು ಮಡಚಿದಾಗ ಅದು ಕುರ್ಚಿಯ ಗಾಲಿಗಿಂತ ಹೊರಗೆ ಚಾಚಬಾರದು ಎನ್ನುವುದನ್ನು ಮೊದಲ ದಿನವೇ ನಕ್ಷೆಯಲ್ಲಿ ಬರೆದುಕೊಳ್ಳಿ.

ಓಡಾಡುವ ರೋಬೋಟುಗಳ ಕಥೆಯನ್ನು ಒಬ್ಬ ವ್ಯಕ್ತಿಯ ಮೂಲಕ ಹೇಳುವುದು ಸುಲಭ. ಅಮೆರಿಕದ ಹೆನ್ರಿ ಎವಾನ್ಸ್ ಅವರಿಗೆ 2002ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಮಿದುಳಕಾಂಡಕ್ಕೆ ಪಾರ್ಶ್ವವಾಯು ಬಡಿಯಿತು. ಮಾತು ಹೋಯಿತು, ಕೈಕಾಲು ಹೋಯಿತು. ಉಳಿದದ್ದು ತಲೆಯ ಅಲ್ಪ ಚಲನೆ ಮತ್ತು ಒಂದು ಬೆರಳಿನ ಕ್ಲಿಕ್ಕು. ವಿಲೋ ಗರಾಜ್ ಕಂಪನಿ ಮತ್ತು ಜಾರ್ಜಿಯಾ ಟೆಕ್ ಸೇರಿ ನಡೆಸಿದ ಯೋಜನೆಯಲ್ಲಿ ಅವರು 2011ರ ಹೊತ್ತಿಗೆ ಪಿಆರ್2 ಎಂಬ ಎರಡು ತೋಳಿನ ರೋಬೋಟನ್ನು ತಲೆಯ ಚಲನೆಯಿಂದಲೇ ನಡೆಸಿ ತಮ್ಮ ಕೆನ್ನೆಯ ತುರಿಕೆಯನ್ನು ತಾವೇ ತುರಿಸಿಕೊಂಡರು, ಗಡ್ಡ ಕೂಡ ಹೆರೆದುಕೊಂಡರು. ಹತ್ತು ವರ್ಷ ಇನ್ನೊಬ್ಬರನ್ನು ಕರೆದು, ಇಲ್ಲಿ ಅಲ್ಲ, ಸ್ವಲ್ಪ ಮೇಲೆ ಎಂದು ಕಣ್ಣಿನಲ್ಲೇ ಹೇಳಬೇಕಾಗಿದ್ದ ಕೆಲಸವದು.

ಆದರೆ ಪಿಆರ್2 ಸುಮಾರು 220 ಕೆ.ಜಿ. ತೂಗುತ್ತಿತ್ತು, ಅದರ ಬುಡವೇ 67 ಸೆಂ.ಮೀ. ಅಗಲ. ಮನೆಯ ಕಾರಿಡಾರಿನಲ್ಲಿ ಅದು ಕೆಟ್ಟು ನಿಂತರೆ ಅಲ್ಲೊಂದು ಗೋಡೆ ಎದ್ದಂತೆಯೇ. ಯೋಜನೆಯ ಸಂಶೋಧಕರಲ್ಲಿ ಒಬ್ಬರಾದ ಚಾರ್ಲಿ ಕೆಂಪ್ ಮುಂದೆ ಆರನ್ ಎಡ್ಸಿಂಗರ್ ಜೊತೆ ಸೇರಿ ಹಲೋ ರೋಬೋಟ್ ಎಂಬ ಕಂಪನಿ ಕಟ್ಟಿದರು. 2020ರಲ್ಲಿ ಅವರು ತಂದ 'ಸ್ಟ್ರೆಚ್' ಪಿಆರ್2ಗೆ ಉಲ್ಟಾ ದಿಕ್ಕಿನ ಯೋಚನೆ. 34 ಸೆಂ.ಮೀ.ಯಷ್ಟೇ ಅಗಲದ ಬುಡ, ನೆಟ್ಟಗೆ ಒಂದು ಕಂಬ, ಕಂಬದ ಮೇಲೆ ಏರಿಳಿಯುವ ಒಂದೇ ತೋಳು, ಒಟ್ಟು ತೂಕ 23 ಕೆ.ಜಿ. 2023ರಲ್ಲಿ ಎವಾನ್ಸ್ ಒಂದು ವಾರ ತಮ್ಮ ಮನೆಯಲ್ಲೇ ಇದನ್ನು ಬಳಸಿದರು. ಟೊಯೋಟಾದ ಎಚ್‌ಎಸ್‌ಆರ್ ಕೂಡ ಇದೇ ಜಾತಿಗೆ ಸೇರಿದ್ದು. 43 ಸೆಂ.ಮೀ. ವ್ಯಾಸ, 37 ಕೆ.ಜಿ. ತೂಕ, 1.2 ಕೆ.ಜಿ. ಎತ್ತುತ್ತದೆ.

ಎರಡು ತೋಳು ಇದ್ದರೆ ಬಾಟಲಿಯ ಮುಚ್ಚಳ ತೆಗೆಯಬಹುದು, ನಿಜ. ಆದರೆ ಎರಡನೆಯ ತೋಳಿಗೆ ತೆರಬೇಕಾದ ತೂಕ, ಅಗಲ, ಗೊಂದಲ ಮೂರನ್ನೂ ಲೆಕ್ಕ ಹಾಕಿದರೆ ಮುಚ್ಚಳವನ್ನು ಬೆಳಿಗ್ಗೆಯೇ ಯಾರಿಂದಲಾದರೂ ಸಡಿಲ ಮಾಡಿಸಿಡುವುದು ಜಾಣತನ. ಎರಡು ಕಾಲಿನ ಮನುಷ್ಯಾಕಾರದ ರೋಬೋಟುಗಳ ಬಗ್ಗೆ ಈಗ ದೊಡ್ಡ ಸದ್ದಿದೆ. ನನ್ನ ತಕರಾರು ಒಂದೇ: ಕರೆಂಟು ಹೋದರೆ ಗಾಲಿಯ ರೋಬೋಟ್ ನಿಲ್ಲುತ್ತದೆ, ಕಾಲಿನ ರೋಬೋಟ್ ಬೀಳುತ್ತದೆ. ಅದು ಬೀಳುವ ಜಾಗದಲ್ಲಿ ಸರಿದುಕೊಳ್ಳಲಾರದ ಮನುಷ್ಯ ಮಲಗಿರಬಹುದು.

ತೋಳೇ ಇಲ್ಲದ ಎರಡು ಆಯ್ಕೆಗಳು

ವಿನ್ಯಾಸಕರು ಇವನ್ನು ರೋಬೋಟ್ ಎಂದು ಕರೆಯುವುದಕ್ಕೇ ಹಿಂಜರಿಯುತ್ತಾರೆ. ನನಗಂತೂ ಇವುಗಳ ಮೇಲೆ ಪಕ್ಷಪಾತವಿದೆ.

ಒಂದು, ತಾನೇ ನಡೆಯುವ ಮೇಜು. ಲ್ಯಾಬ್ರಡಾರ್ ಸಿಸ್ಟಮ್ಸ್ ಎಂಬ ಅಮೆರಿಕದ ಕಂಪನಿ ತೋರಿಸಿದ 'ರಿಟ್ರೀವರ್' ಇಂಥದ್ದು. ಸುಮಾರು 11 ಕೆ.ಜಿ. ಹೊತ್ತು ಕೋಣೆಯಿಂದ ಕೋಣೆಗೆ ಓಡಾಡುತ್ತದೆ. ವಾಕರ್ ಹಿಡಿದು ನಡೆಯುವವರನ್ನು ಗಮನಿಸಿದ್ದೀರಾ? ಅವರ ಕೈ ಚೆನ್ನಾಗಿಯೇ ಇದೆ, ಆದರೆ ಎರಡೂ ಕೈ ವಾಕರಿಗೆ ಮೀಸಲು. ಬಿಸಿ ಲೋಟ ಹಿಡಿದು ಅಡುಗೆಮನೆಯಿಂದ ಹೊರಬರುವುದೇ ಅವರಿಗೆ ದಿನದ ಸರ್ಕಸ್ಸು. ಅವರಿಗೆ ಬೇಕಾದದ್ದು ಹೊರುವ ಬೆನ್ನು. ತೋಳಿಲ್ಲದ ಯಂತ್ರದಲ್ಲಿ ಕೆಡುವ ಭಾಗಗಳು ಕಡಿಮೆ, ಕೆಟ್ಟು ನಿಂತರೂ ಅದೊಂದು ಮೇಜಾಗಿ ಉಳಿಯುತ್ತದೆ.

ಇನ್ನೊಂದು, ಉಣಿಸುವ ಯಂತ್ರ. ಇದರ ಇತಿಹಾಸ ಬಹಳ ಮಂದಿ ತಿಳಿದಿರುವುದಕ್ಕಿಂತ ಹಳೆಯದು. 1987ರಲ್ಲಿ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ಮೈಕ್ ಟಾಪಿಂಗ್, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಅಂಗಾಂಗಗಳ ಹಿಡಿತ ತಪ್ಪುವ ಸ್ಥಿತಿ) ಇದ್ದ ಹನ್ನೊಂದು ವರ್ಷದ ಹುಡುಗನೊಬ್ಬ ತಾನೇ ಊಟ ಮಾಡಲೆಂದು 'ಹ್ಯಾಂಡಿ 1' ಕಟ್ಟಿದರು. 2002ರಲ್ಲಿ ಜಪಾನಿನ ಸೆಕೋಮ್ 'ಮೈ ಸ್ಪೂನ್' ತಂದಿತು, 2016ರಲ್ಲಿ ಅಮೆರಿಕದಲ್ಲಿ 'ಒಬಿ' ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆ ಈ ಯಂತ್ರಗಳ ಪರೀಕ್ಷಾ ಪತ್ರಿಕೆಯಿದ್ದಂತೆ. ಚಮಚ ತಟ್ಟೆಯಿಂದ ಎತ್ತುವುದು ಸುಲಭ, ಕೊನೆಯ ಐದು ಸೆಂ.ಮೀ. ಕಷ್ಟ. ಒಳ್ಳೆಯ ವಿನ್ಯಾಸದಲ್ಲಿ ಚಮಚ ಬಾಯೊಳಗೆ ನುಗ್ಗುವುದಿಲ್ಲ. ತುಟಿಯ ಮುಂದೆ ನಿಗದಿತ ಜಾಗದಲ್ಲಿ ನಿಂತು ಕಾಯುತ್ತದೆ, ಉಣ್ಣುವವರೇ ಮುಂದೆ ಬಾಗಿ ತೆಗೆದುಕೊಳ್ಳುತ್ತಾರೆ. ಅಂದರೆ ಕುತ್ತಿಗೆಯಲ್ಲಿ ಅಷ್ಟು ಹಿಡಿತ ಇರಲೇಬೇಕು. ನುಂಗುವ ತೊಂದರೆ ಇರುವವರಿಗೆ ವೈದ್ಯರ ಒಪ್ಪಿಗೆಯಿಲ್ಲದೆ ಇದನ್ನು ಕೊಡಲೇಬಾರದು. ಉಸಿರುಗಟ್ಟಿದಾಗ ಬೆನ್ನು ತಟ್ಟಲು ಯಂತ್ರಕ್ಕೆ ಬರುವುದಿಲ್ಲ.

ಕೀಲಿನ ತೋಳು, ಜಾರುವ ತೋಳು

ತೋಳು ಬೇಕೇ ಬೇಕು ಎಂದಾದರೆ ಅದರೊಳಗೂ ಎರಡು ದಾರಿ. ಮನುಷ್ಯನ ಕೈಯಂತೆ ಮಡಚುವ ಕೀಲಿನ ತೋಳು ಒಂದು. ಹಳೆಯ ರೇಡಿಯೋದ ಏರಿಯಲ್‌ನಂತೆ ಕೊಳವೆಯೊಳಗಿಂದ ಕೊಳವೆ ಹೊರಬರುವ ಜಾರುವ ತೋಳು ಇನ್ನೊಂದು.

ಸ್ವಲ್ಪ ಲೆಕ್ಕ ಮಾಡೋಣ. 1 ಕೆ.ಜಿ. ವಸ್ತುವನ್ನು ಭುಜದಿಂದ 80 ಸೆಂ.ಮೀ. ದೂರದಲ್ಲಿ ಅಡ್ಡಕ್ಕೆ ಚಾಚಿ ಹಿಡಿಯಲು ಭುಜದ ಕೀಲಿಗೆ ಸುಮಾರು 7.8 ನ್ಯೂಟನ್-ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಬೇಕು. ತೋಳಿನ ಸ್ವಂತ ತೂಕ 4 ಕೆ.ಜಿ., ಅದರ ತೂಕದ ನಡುಬಿಂದು 40 ಸೆಂ.ಮೀ.ಯಲ್ಲಿದೆ ಎಂದುಕೊಂಡರೆ ಅದಕ್ಕೇ 15.7. ಅಂದರೆ ಮೋಟಾರಿನ ದುಡಿಮೆಯಲ್ಲಿ ಮೂರನೇ ಎರಡು ಪಾಲು ತೋಳು ತನ್ನನ್ನು ತಾನೇ ಹೊತ್ತುಕೊಳ್ಳುವುದಕ್ಕೆ ಸಲ್ಲುತ್ತದೆ. ದೊಡ್ಡ ಮೋಟಾರು ಹಾಕಿದರೆ ತೋಳು ಇನ್ನಷ್ಟು ಭಾರ, ಆ ಭಾರಕ್ಕೆ ಇನ್ನೂ ದೊಡ್ಡ ಮೋಟಾರು. ಜಾರುವ ತೋಳಿನಲ್ಲಿ ಈ ವಿಷವರ್ತುಲವಿಲ್ಲ. ಅಡ್ಡ ಚಾಚುವ ಮೋಟಾರು ಬರೀ ಘರ್ಷಣೆಯನ್ನು ಗೆದ್ದರೆ ಸಾಕು, ತೂಕವನ್ನು ಕಂಬವೂ ಏರಿಳಿಸುವ ಮೋಟಾರೂ ಹೊರುತ್ತವೆ. ಅದರಿಂದಲೇ ಸಣ್ಣ ಮೋಟಾರು, ಹಗುರ ತೋಳು, ತಾಗಿದರೂ ಪೆಟ್ಟಾಗದಷ್ಟು ಮೆದು ಬಲ.

ಬಳಸುವವರಿಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಜಾರುವ ತೋಳಿನ ಚಲನೆ ಮಾತಿಗೆ ಹೊಂದುತ್ತದೆ. ಮೇಲೆ, ಕೆಳಗೆ, ಮುಂದೆ, ಹಿಂದೆ: ಒಂದು ಪದಕ್ಕೆ ಒಂದು ಮೋಟಾರು. ಕೀಲಿನ ತೋಳಿಗೆ 'ಸ್ವಲ್ಪ ಮುಂದೆ' ಎಂದರೆ ಆರು ಕೀಲುಗಳೂ ಒಟ್ಟಿಗೆ ಲೆಕ್ಕ ಹಾಕಿ ಹೊರಳಬೇಕು. ಕೆಲವೊಮ್ಮೆ ಮೊಣಕೈ ಅನಿರೀಕ್ಷಿತವಾಗಿ ಪಕ್ಕದ ಲೋಟಕ್ಕೆ ತಗಲುತ್ತದೆ. ಹಾಗೆಂದು ಕೀಲಿನ ತೋಳನ್ನು ಹೀಗಳೆಯುವಂತಿಲ್ಲ. ಕಪಾಟಿನ ಮೂಲೆಗೆ ಬಳಸಿಕೊಂಡು ಹೋಗುವುದು, ಚಮಚವನ್ನು ಬೇಕಾದ ಕೋನದಲ್ಲಿ ವಾಲಿಸುವುದು ಅದಕ್ಕೆ ಸಲೀಸು. ಜಾರುವ ತೋಳಿನ ತುದಿಗೆ ಮೂರು ದಿಕ್ಕಿಗೆ ಹೊರಳುವ ಮಣಿಕಟ್ಟು ಸೇರಿಸಿದರೆ ಈ ಕೊರತೆ ಬಹಳ ಮಟ್ಟಿಗೆ ತುಂಬುತ್ತದೆ.

ತೂಕ ಕಡಿಮೆ ಮಾಡುವ ಉತ್ಸಾಹದಲ್ಲಿ ಮರೆಯಬಾರದ ಒಂದು ಸಂಗತಿ: ಮಗುಚುವಿಕೆ. 24 ಕೆ.ಜಿ. ರೋಬೋಟು, ತೂಕದ ಕೇಂದ್ರದಿಂದ ಗಾಲಿಯ ಅಂಚಿಗೆ 17 ಸೆಂ.ಮೀ. ಎಂದಿಟ್ಟುಕೊಳ್ಳಿ. ಅದನ್ನು ನೆಟ್ಟಗೆ ಹಿಡಿದಿಟ್ಟಿರುವುದು 24ನ್ನು 17ರಿಂದ ಗುಣಿಸಿದ 408ರ (ಕೆ.ಜಿ.-ಸೆಂ.ಮೀ. ಲೆಕ್ಕದಲ್ಲಿ) ಟಾರ್ಕ್. ಈಗ ಅದು 1 ಮೀಟರ್ ಎತ್ತರದಲ್ಲಿರುವ ಫ್ರಿಜ್ಜಿನ ಹಿಡಿಯನ್ನು 4 ಕೆ.ಜಿ. ಬಲದಿಂದ ಎಳೆಯುತ್ತದೆ: 4 ಗುಣಿಸು 100, ಅಂದರೆ 400. ಮಗುಚಲು ಕೂದಲೆಳೆಯಷ್ಟೇ ಬಾಕಿ. ಎತ್ತುವ ತೂಕಕ್ಕಿಂತ ಎಳೆಯುವ ಬಲವೇ ತೆಳ್ಳಗಿನ ರೋಬೋಟುಗಳ ನಿಜವಾದ ಶತ್ರು. ಇಲ್ಲಿ ಭಾರದ ಸೀಸದ ಬ್ಯಾಟರಿ ಕೂಡ ಶಾಪದ ಬದಲು ವರವಾಗುತ್ತದೆ, ಅದು ಬುಡದಲ್ಲಿ ಕೂತು ನಿಲುಗಡೆ ಕೊಡುತ್ತದೆ. ಹಗುರದ ಲಿಥಿಯಂ ಬೇಕೇ ಬೇಕೆಂದರೆ ಕಬ್ಬಿಣದ ಫಾಸ್ಫೇಟ್ ಬಗೆಯದನ್ನು ಆರಿಸಿ. ಅದು ಬಿಸಿಯಾಗಿ ಹೊತ್ತಿಕೊಳ್ಳುವ ಸಂಭವ ಕಡಿಮೆ, ಹೆಚ್ಚು ವರ್ಷ ಬಾಳುತ್ತದೆ.

ಇನ್ನು ತುದಿಯ ಇಕ್ಕಳ. ನೆಲದಲ್ಲಿ ಬಿದ್ದ ಫೋನಿಗೆ ಮತ್ತೆ ಬರೋಣ. ಮಟ್ಟಸವಾಗಿ ಅಂಗಾತ ಬಿದ್ದ 8 ಮಿ.ಮೀ. ದಪ್ಪದ ಗಾಜಿನ ಹಲಗೆ. ಇಕ್ಕಳದ ಬೆರಳುಗಳು ಮೇಲಿನಿಂದ ಇಳಿದು ಎರಡು ಉದ್ದ ಅಂಚುಗಳನ್ನು ಒತ್ತಿ ಹಿಡಿಯಬೇಕು. ನೆಲದ ಅಂದಾಜು 5 ಮಿ.ಮೀ. ಮೇಲಾದರೆ ಬೆರಳು ಗಾಜಿನ ಮೇಲೆ ಜಾರುತ್ತದೆ. 5 ಮಿ.ಮೀ. ಕೆಳಗಾದರೆ ಗಡಸು ಬೆರಳು ನೆಲಕ್ಕೆ ಕುಟ್ಟಿ, ಮೋಟಾರಿಗೆ ಅತಿಭಾರವಾಗಿ, ಯಂತ್ರ ದೋಷ ತೋರಿಸಿ ನಿಂತುಬಿಡುತ್ತದೆ. ಸ್ಪ್ರಿಂಗ್ ಪಟ್ಟಿಯ ತುದಿಗೆ ಮೆತ್ತನೆಯ ರಬ್ಬರ್ ಬಟ್ಟಲು ಸಿಕ್ಕಿಸಿದ ಇಕ್ಕಳವಾದರೆ, ನೆಲ ತಾಗಿದಾಗ ಪಟ್ಟಿಯೇ ಬಳುಕಿ ಆ ತಪ್ಪನ್ನು ನುಂಗಿಕೊಳ್ಳುತ್ತದೆ. ಸ್ಟ್ರೆಚ್‌ನ ಇಕ್ಕಳ ಇದೇ ಜಾತಿಯದು, ಅದರ ಪ್ರೇರಣೆ ನಾನು ಮೇಲೆ ಹೊಗಳಿದ ಉದ್ದ ಕೋಲೇ. ಜಾರ್ಜಿಯಾ ಟೆಕ್‌ನವರು ಬಿದ್ದ ವಸ್ತುಗಳಿಗಾಗಿಯೇ ಕಟ್ಟಿದ 'ಡಸ್ಟಿ' ಇನ್ನೂ ಸರಳ. ಕಸದ ಮೊರ ಮತ್ತು ಸಟ್ಟುಗ ಎರಡನ್ನೂ ನೋಡಿ ಕಲಿತ ತೆಳು ತಟ್ಟೆಯ ಮೇಲೆ ವಸ್ತುವನ್ನು ಎಳೆದುಕೊಂಡು, ಮೇಲೆತ್ತಿ ಕೊಡುತ್ತದೆ. ಐದು ಬೆರಳಿನ ಕೈಗೆ ಆಸೆಪಡುವ ಮೊದಲು ಇವೆರಡನ್ನೂ ನೋಡಿ.

ಆಜ್ಞೆ ಕೊಡುವ ಬಗೆ

ಹೆಚ್ಚಿನ ರೋಬೋಟುಗಳು ಸೋಲುವುದು ಇಲ್ಲಿ.

ಜಾಯ್‌ಸ್ಟಿಕ್‌ಗೆ ಇರುವುದು ಎರಡು ಅಕ್ಷ. ಆರು ಕೀಲಿನ ತೋಳಿಗೂ ಇಕ್ಕಳಕ್ಕೂ ಸೇರಿ ಬೇಕಾಗುವುದು ಏಳು. ಹಾಗಾಗಿ ಒಂದು ಗುಂಡಿ ಒತ್ತಿ 'ಮೋಡ್', ಅಂದರೆ ಜಾಯ್‌ಸ್ಟಿಕ್ ಈಗ ಯಾವ ಚಲನೆಯನ್ನು ನಡೆಸಬೇಕು ಎಂಬುದನ್ನು, ಬದಲಿಸುತ್ತಲೇ ಇರಬೇಕು. ಲೋಟವೊಂದನ್ನು ಬಾಯಿಗೆ ತರುವುದನ್ನು ನಿಧಾನವಾಗಿ ನೋಡಿ. ಮೊದಲ ಮೋಡಿನಲ್ಲಿ ತೋಳು ಮುಂದೆ ಹೋಗುತ್ತದೆ. ಗುಂಡಿ. ಎತ್ತರ ಇಳಿಸಬೇಕು. ಗುಂಡಿ. ಮಣಿಕಟ್ಟು ಹೊರಳಿಸಬೇಕು. ಗುಂಡಿ. ಬೆರಳು ಮುಚ್ಚಬೇಕು. ಎತ್ತಲೆಂದು ಮತ್ತೆ ಗುಂಡಿ, ಆದರೆ ಒಂದು ಒತ್ತು ಹೆಚ್ಚಾಗಿ ಮಣಿಕಟ್ಟಿನ ಮೋಡಿಗೆ ಬಂದುಬಿಟ್ಟಿದೆ. ಎತ್ತಲು ಕೊಟ್ಟ ಆಜ್ಞೆಗೆ ಲೋಟ ವಾಲುತ್ತದೆ. ನೀರು ಮಡಿಲಿಗೆ. ಒದ್ದೆ ಬಟ್ಟೆ ಬದಲಿಸಲು ಇನ್ನೊಬ್ಬರು ಬರುವವರೆಗೆ ಹಾಗೆಯೇ ಕೂರಬೇಕು. ಮೋಡ್ ಬದಲಿಸುವುದಕ್ಕೇ ಒಟ್ಟು ಸಮಯದ ಸುಮಾರು ಆರನೇ ಒಂದು ಪಾಲು ಹೋಗುತ್ತದೆ ಎಂದು 2016ರ ಒಂದು ಅಧ್ಯಯನ ಅಳೆದಿತ್ತು. ಸಮಯಕ್ಕಿಂತ ಹೆಚ್ಚು ಕಾಡುವುದು 'ಈಗ ಯಾವ ಮೋಡಿನಲ್ಲಿದ್ದೇನೆ' ಎಂಬ ಅಳುಕು. ಜಾಯ್‌ಸ್ಟಿಕ್ ಆರಿಸುವುದಾದರೆ ಮೋಡನ್ನು ಬಣ್ಣದ ದೀಪದಿಂದಲೋ ಸದ್ದಿನಿಂದಲೋ ಸದಾ ತಿಳಿಯುವಂತೆ ಮಾಡಿ, ಲೋಟ ಹಿಡಿದಿರುವಾಗ ವಾಲಿಸುವ ಮೋಡಿಗೆ ಬೀಗ ಹಾಕಿ.

ಧ್ವನಿ ಆಕರ್ಷಕ. ಕೈಯೂ ಬೇಡ, ತಲೆಯೂ ಬೇಡ. ಆದರೆ ಸೆರೆಬ್ರಲ್ ಪಾಲ್ಸಿ, ಪಾರ್ಶ್ವವಾಯು, ಎಎಲ್‌ಎಸ್ ಮೂರರಲ್ಲೂ ಕೈಯ ಜೊತೆಗೆ ಮಾತೂ ತೊದಲುವುದುಂಟು. ಬೆಳಿಗ್ಗೆ ಅರ್ಥವಾಗುವ ದನಿ ಸಂಜೆಗೆ ದಣಿದಿರುತ್ತದೆ. ಉಸಿರಾಟದ ಮಾಸ್ಕ್ ಹಾಕಿದ ಮೇಲಂತೂ ಮುಗಿಯಿತು. ಧ್ವನಿ 'ಅಡುಗೆಮನೆಗೆ ಹೋಗು' ಎನ್ನಲು ಚೆನ್ನ, 'ಎರಡು ಸೆಂ.ಮೀ. ಎಡಕ್ಕೆ' ಎಂದು ಹತ್ತು ಸಲ ಹೇಳಲು ಅಲ್ಲ.

ಕಣ್ಣಿನ ನೋಟವನ್ನು ಹಿಂಬಾಲಿಸುವ ಸಾಧನ ಮಾತೂ ಕೈಯೂ ಇಲ್ಲದವರಿಗೆ ವರದಾನ. ತೊಂದರೆಯೆಂದರೆ ಕಣ್ಣಿಗೆ ನೋಡುವ ಕೆಲಸವೂ ಇದೆ. ರೋಬೋಟ್ ಏನು ಮಾಡುತ್ತಿದೆ ಎಂದು ನೋಡಲು ಹೋದರೆ ಆ ನೋಟವೇ ಆಜ್ಞೆಯಾಗುವ ಅಪಾಯ. ಅದಕ್ಕೆಂದು ಅರ್ಧ-ಒಂದು ಸೆಕೆಂಡ್ ದಿಟ್ಟಿಸಿದರೆ ಮಾತ್ರ ಒಪ್ಪುವ ನಿಯಮ ಹಾಕುತ್ತಾರೆ. ತಲೆಯ ಚಲನೆಗೆ ಹೊಂದುವ ಮೌಸ್ ಇದಕ್ಕಿಂತ ನೆಮ್ಮದಿಯದು, ಕುತ್ತಿಗೆ ಸಹಕರಿಸಿದರೆ. ಉಸಿರು ಊದಿ-ಎಳೆಯುವ ಕೊಳವೆ ಬೆನ್ನುಹುರಿ ಗಾಯವಾದ ಅನೇಕರಿಗೆ ಈಗಾಗಲೇ ಕುರ್ಚಿ ನಡೆಸಲು ರೂಢಿಯಾಗಿದೆ, ರೂಢಿಯಾದದ್ದನ್ನೇ ರೋಬೋಟಿಗೂ ಬಳಸುವುದು ಒಳ್ಳೆಯದು. ಮಿದುಳಿನ ಸಂಕೇತದಿಂದ ನಡೆಸುವುದು ಸಾಧ್ಯವೆಂದು ಬ್ರೇನ್‌ಗೇಟ್ ತಂಡ 2012ರಲ್ಲೇ ತೋರಿಸಿದೆ. ಸುಮಾರು ಹದಿನೈದು ವರ್ಷ ಕೈಕಾಲಾಡದ ಮಹಿಳೆಯೊಬ್ಬರು ರೋಬೋಟ್ ತೋಳಿನಿಂದ ಬಾಟಲಿ ಎತ್ತಿ ಕಾಫಿ ಕುಡಿದರು. ಅದಕ್ಕೆ ತಲೆಬುರುಡೆಯೊಳಗೆ ಶಸ್ತ್ರಚಿಕಿತ್ಸೆ ಬೇಕು, ಆದ್ದರಿಂದ ಮನೆಯ ವಿನ್ಯಾಸದ ಪಟ್ಟಿಯಲ್ಲಿ ಅದನ್ನು ನಾನು ಸೇರಿಸುವುದಿಲ್ಲ.

ಎಲ್ಲಕ್ಕಿಂತ ಕೊನೆಗೆ ಉಳಿಯುವುದು ಒಂದೇ ಸ್ವಿಚ್ಚು. ಪರದೆಯ ಮೇಲೆ ಆಯ್ಕೆಗಳು ಒಂದೊಂದಾಗಿ ಬೆಳಗುತ್ತವೆ, ಬೇಕಾದದ್ದು ಬಂದಾಗ ಕೆನ್ನೆಯಿಂದಲೋ ಹೆಬ್ಬೆರಳಿನಿಂದಲೋ ಒತ್ತಬೇಕು. ಎಂಟು ಆಯ್ಕೆ, ತಲಾ ಒಂದು ಸೆಕೆಂಡ್ ಎಂದರೆ ಸರಾಸರಿ ನಾಲ್ಕೂವರೆ ಸೆಕೆಂಡಿಗೆ ಒಂದು ಆಜ್ಞೆ. ನಿಧಾನವೇ. ಆದರೆ ದಣಿದ ದಿನವೂ, ಜ್ವರದ ದಿನವೂ ಕೆಲಸ ಮಾಡುತ್ತದೆ. ಇಂಥ ಸ್ವಿಚ್ಚುಗಳೆಲ್ಲ ಸಾಮಾನ್ಯವಾಗಿ 3.5 ಮಿ.ಮೀ.ನ ಇಯರ್‌ಫೋನ್ ಪಿನ್ನಿನಲ್ಲೇ ಬರುತ್ತವೆ. ನಿಮ್ಮ ರೋಬೋಟಿಗೆ ಅಂಥ ಎರಡು ರಂಧ್ರ ಇಟ್ಟರೆ, ರೋಗ ಬೆಳೆದಂತೆ ಸ್ವಿಚ್ಚು ಬದಲಾಗಬಹುದು, ರೋಬೋಟ್ ಬದಲಾಗಬೇಕಿಲ್ಲ. ವಿನ್ಯಾಸಕರಿಗೆ ನಾನು ಕೊಡಬಹುದಾದ ಅತಿ ಅಗ್ಗದ ಸಲಹೆ ಇದು. ಎರಡು ಏಕೆಂದರೆ ಒಂದು ನಡೆಸಲು, ಇನ್ನೊಂದು ನಿಲ್ಲಿಸಲು. ನಡೆಸುವ ದಾರಿಯೂ ನಿಲ್ಲಿಸುವ ದಾರಿಯೂ ಒಂದೇ ಆಗಿರಬಾರದು.

ತಾನೇ ಮಾಡಬೇಕೋ, ಮಾಡಿಸಿಕೊಳ್ಳಬೇಕೋ?

ಇಷ್ಟು ಕಷ್ಟವೇಕೆ, ಯಂತ್ರವೇ ಎಲ್ಲ ಯೋಚಿಸಿ ಮಾಡಲಿ ಎನ್ನಿಸುವುದು ಸಹಜ. ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ತಂಡವೊಂದು ಇದನ್ನು ಬೆನ್ನುಹುರಿ ಗಾಯವಾದವರ ಜೊತೆ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿತು. ತೋಳು ತಾನಾಗಿಯೇ ವಸ್ತು ಎತ್ತುವ ಬಗೆಯಲ್ಲಿ ಶ್ರಮ ಕಡಿಮೆ. ಆದರೂ ಹೆಚ್ಚು ತೃಪ್ತಿ ಇದ್ದದ್ದು ಕೈಯಾರೆ ನಡೆಸಿದವರಿಗೆ. ನನಗೆ ಇದು ಆಶ್ಚರ್ಯ ತರಲಿಲ್ಲ. ಹತ್ತು ವರ್ಷ ಇನ್ನೊಬ್ಬರ ಕೈಯಿಂದ ಮಾಡಿಸಿಕೊಂಡವರಿಗೆ ಇನ್ನೂ ಒಂದು ಕೈಯಿಂದ ಮಾಡಿಸಿಕೊಳ್ಳುವುದು ಹೊಸತೇನಲ್ಲ.

ನನ್ನ ಆಯ್ಕೆ ನಡುದಾರಿ. ಏನು, ಯಾವಾಗ, ಯಾವುದು ಎಂಬುದನ್ನು ಮನುಷ್ಯ ಹೇಳಲಿ, ಕೊನೆಯ ಹತ್ತು ಸೆಂ.ಮೀ.ಯ ನಾಜೂಕನ್ನು ಯಂತ್ರ ನೋಡಿಕೊಳ್ಳಲಿ. 2008ರ ಸುಮಾರಿಗೆ ಬಂದ 'ಎಲ್-ಇ' ಎಂಬ ರೋಬೋಟಿಗೆ ಬೇಕಾದ ವಸ್ತುವಿನ ಮೇಲೆ ಲೇಸರ್ ಚುಕ್ಕೆ ಬೀಳಿಸಿದರೆ ಸಾಕಿತ್ತು, ಅದು ಹೋಗಿ ತರುತ್ತಿತ್ತು. ಬೆರಳು ತೋರಿಸುವಷ್ಟೇ ಸಹಜ. ಮನುಷ್ಯರ ಮಾತನ್ನು ಗ್ರಹಿಸುವ ಈಗಿನ ಭಾಷಾ ಮಾದರಿಗಳಿಂದ (ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಂದ) 'ನನ್ನ ಮಾತ್ರೆ ತಾ' ಎಂದರೆ ಅರ್ಥವಾಗುವ ಕಾಲ ಬಂದಿದೆ. ಆದರೆ ಒಂದೇ ಬಣ್ಣದ ಎರಡು ಡಬ್ಬಿಗಳಿದ್ದಾಗ ಅದು ಚಿತ್ರ ತೋರಿಸಿ 'ಇದೇನಾ?' ಎಂದು ಕೇಳದೆ ಮುಂದುವರಿಯಬಾರದು. ಮೈಗೆ ತಾಗುವ ಯಾವ ಕೆಲಸವನ್ನೂ ಪೂರ್ತಿ ಸ್ವಯಂಚಾಲಿತ ಮಾಡಬೇಡಿ. ತುರಿಕೆ ಎಲ್ಲಿದೆ ಎಂದು ಕ್ಯಾಮೆರಾಕ್ಕೆ ಗೊತ್ತಿಲ್ಲ.

ಕೆಟ್ಟು ನಿಂತಾಗ

ನಾವು ಕಟ್ಟಿದ ಮೊದಲ ಮಾದರಿಯ ಪರೀಕ್ಷೆಗೆ ಒಂದು ನಿಯಮ ಮಾಡಿಕೊಂಡಿದ್ದೆವು: ಹಾಸಿಗೆಯಲ್ಲಿ ಮಲಗಿದವರು ಏನೇ ಆದರೂ ಏಳಬಾರದು. ಮೂರನೆಯ ದಿನ ಇಳಿಬಿದ್ದ ಹೊದಿಕೆಯ ಅಂಚು ರೋಬೋಟಿನ ಗಾಲಿಗೆ ಸುತ್ತಿಕೊಂಡಿತು. ಅದು ಹಿಂದೆ ಸರಿಯಲು ಯತ್ನಿಸಿದಷ್ಟೂ ಹೊದಿಕೆ ಎಳೆದುಕೊಂಡು ಹೋಯಿತು. ನಿಲ್ಲಿಸುವ ಕೆಂಪು ಗುಂಡಿ ಇತ್ತು, ರೋಬೋಟಿನ ತಲೆಯ ಮೇಲೆ, ಹಾಸಿಗೆಯಿಂದ ಒಂದು ಮೀಟರ್ ಆಚೆ. ಎಲ್ಲ ಸುರಕ್ಷತಾ ಪಟ್ಟಿಗಳಲ್ಲೂ ಆ ಗುಂಡಿಗೆ ನಾವು ಸರಿ ಗುರುತು ಹಾಕಿದ್ದೆವು.

ಆರೈಕೆಯ ರೋಬೋಟುಗಳಿಗೆ ಐಎಸ್‌ಒ 13482 ಎಂಬ ಅಂತರರಾಷ್ಟ್ರೀಯ ಮಾನದಂಡ 2014ರಿಂದ ಇದೆ. ಓಡಾಡುವ ಸೇವಕ ರೋಬೋಟ್, ದೇಹಕ್ಕೆ ಆಸರೆಯಾಗುವ ರೋಬೋಟ್, ಮನುಷ್ಯರನ್ನು ಹೊರುವ ರೋಬೋಟ್ ಎಂದು ಅದರ 2014ರ ಆವೃತ್ತಿ ಮೂರು ಬಗೆ ಮಾಡುತ್ತದೆ. ಓದಲೇಬೇಕು. ಅದರ ಮೇಲೆ ನನ್ನ ಸ್ವಂತ ಪರೀಕ್ಷೆಗಳು ಒಂದೆರಡಿವೆ.

ಬಾಗಿಲಿನ ಪರೀಕ್ಷೆ: ರೋಬೋಟನ್ನು ಬಾಗಿಲಿನ ನಡುವೆ ಆರಿಸಿ ಬಿಡಿ. ಗಾಲಿಕುರ್ಚಿಯ ಪಾದಪಟ್ಟಿಯಿಂದ ಅದನ್ನು ಮೆಲ್ಲಗೆ ತಳ್ಳಿಕೊಂಡು ಹೊರಬರಲು ಆಗಬೇಕು. ಕರೆಂಟಿಲ್ಲದಾಗ ಗಾಲಿಗಳು ಬಿಡುವಾಗಿ ಉರುಳಿದರೆ 24 ಕೆ.ಜಿ. ಯಂತ್ರ ಸರಿಯುತ್ತದೆ, 220 ಕೆ.ಜಿ.ಯದು ಜಗ್ಗುವುದಿಲ್ಲ.

ತೋಳಿನದು ಇಷ್ಟು ಸುಲಭವಲ್ಲ. ವಿದ್ಯುತ್ ಹೋದಾಗ ತೋಳು ಇದ್ದಲ್ಲೇ ಬಿಗಿಯಾಗಿ ನಿಲ್ಲಬೇಕೋ, ಸಡಿಲವಾಗಬೇಕೋ? ಮಡಿಲಿನ ಮೇಲೆ ಬಿಸಿ ಲೋಟ ಹಿಡಿದಿದ್ದರೆ ಬಿಗಿಯಾಗಿ ನಿಲ್ಲಲೇಬೇಕು. ಕೆನ್ನೆಗೆ ಬಟ್ಟೆ ಒತ್ತಿ ಹಿಡಿದಿದ್ದರೆ ಸಡಿಲವಾಗಬೇಕು, ತಲೆಯಿಂದ ದೂಡಿದರೆ ಸರಿಯಬೇಕು. ತಿರುಪಿನ ಮೇಲೆ ಏರಿಳಿಯುವ ತೋಳು ಮೊದಲನೆಯದಕ್ಕೆ ಸರಿ, ಎರಡನೆಯದಕ್ಕೆ ತಪ್ಪು. ಬೆಲ್ಟಿನ ತೋಳು ಅದಕ್ಕೆ ಉಲ್ಟಾ. ನಾನು ಒಪ್ಪಿಕೊಂಡ ಪರಿಹಾರವೆಂದರೆ ಮೇಲೆ-ಕೆಳಗೆ ಹೋಗುವುದಕ್ಕೆ ಕರೆಂಟಿಲ್ಲದಿದ್ದರೂ ಹಿಡಿಯುವ ಬ್ರೇಕು, ಮುಂದೆ-ಹಿಂದೆ ಚಾಚುವುದಕ್ಕೆ ಸಡಿಲ ಬೆಲ್ಟು. ಲೋಟ ಬೀಳುವುದಿಲ್ಲ, ಮುಖಕ್ಕೆ ಒತ್ತಿದ್ದು ದೂಡಿದರೆ ಹಿಂದೆ ಹೋಗುತ್ತದೆ. ನಿಲ್ಲಿಸುವ ಸಂಕೇತವೂ ಉಲ್ಟಾ ಇರಬೇಕು. 'ನಿಲ್ಲು' ಎಂಬ ಸಂದೇಶ ತಲುಪಿದರೆ ನಿಲ್ಲುವ ಯಂತ್ರ ವೈಫೈ ಹೋದಾಗ ನಿಲ್ಲುವುದಿಲ್ಲ. 'ಇನ್ನೂ ಇದ್ದೇನೆ' ಎಂಬ ಸಂದೇಶ ನಿಂತ ಕೂಡಲೇ ತಾನೇ ನಿಲ್ಲುವ ಯಂತ್ರ ಬೇಕು.

ಕಂಪನಿಯೇ ಕೆಟ್ಟು ನಿಲ್ಲಬಹುದು ಎನ್ನುವುದೂ ನೆನಪಿರಲಿ. ಪಿಆರ್2 ಕಟ್ಟಿದ ವಿಲೋ ಗರಾಜ್ 2014ರ ಹೊತ್ತಿಗೆ ಬಾಗಿಲು ಹಾಕಿತು. ರೋಬೋಟುಗಳನ್ನು ನಡೆಸಲೆಂದು ಅವರು ಬೆಳೆಸಿದ ಆರ್‌ಒಎಸ್ ತಂತ್ರಾಂಶ ಮುಕ್ತವಾಗಿದ್ದರಿಂದ ಇಂದಿಗೂ ಬದುಕಿದೆ. ದೂರದ ಸರ್ವರ್ ಮುಚ್ಚಿದ ದಿನ ಕಲ್ಲಾಗುವ ರೋಬೋಟನ್ನು ಯಾರ ಮಲಗುವ ಕೋಣೆಗೂ ಕಳಿಸಬೇಡಿ. ಕೋಣೆಯ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಕ್ಯಾಮೆರಾಕ್ಕೆ ತಂತ್ರಾಂಶದ ಗುಂಡಿ ಸಾಲದು, ಕಣ್ಣಿಗೆ ಕಾಣುವ ಮುಚ್ಚಳ ಇರಬೇಕು.

ಹಾಗಾದರೆ ಯಾರಿಗೆ ಯಾವುದು?

ದಿನವಿಡೀ ವಿದ್ಯುತ್ ಕುರ್ಚಿಯಲ್ಲಿರುವ, ಬೆರಳಿನಲ್ಲೋ ಗಲ್ಲದಲ್ಲೋ ಜಾಯ್‌ಸ್ಟಿಕ್ ನಡೆಸಬಲ್ಲ, ಹೊರಗೆ ಹೋಗುವ ಆಸೆಯಿರುವವರಿಗೆ ಕುರ್ಚಿಗೆ ಕಟ್ಟಿದ ತೋಳು. ಹೆಚ್ಚು ಹೊತ್ತು ಹಾಸಿಗೆಯಲ್ಲಿರುವವರಿಗೆ, ತಲೆ ಅಥವಾ ಕಣ್ಣು ಮಾತ್ರ ಉಳಿದವರಿಗೆ ತೆಳ್ಳಗಿನ ಬುಡದ, ಒಂದು ಜಾರುವ ತೋಳಿನ, ಓಡಾಡುವ ರೋಬೋಟು. ವಾಕರಿನವರಿಗೆ ನಡೆಯುವ ಮೇಜು. ಊಟವೊಂದೇ ಸಮಸ್ಯೆಯಾಗಿದ್ದರೆ ಊಟದ ಯಂತ್ರ ಸಾಕು, ದೊಡ್ಡದಕ್ಕೆ ಕೈ ಹಾಕಬೇಡಿ. ರೋಗ ಬೆಳೆಯುತ್ತಾ ಹೋಗುವಂಥದ್ದಾದರೆ ಇಂದಿನ ಶಕ್ತಿಗಿಂತ ಎರಡು ವರ್ಷದ ನಂತರದ ಶಕ್ತಿಗೆ ಆಜ್ಞೆಯ ಸಾಧನ ಆರಿಸಿ.

ಯಾವುದನ್ನೇ ಆರಿಸಿದರೂ, ರೋಬೋಟ್ ಬರುವ ಮುಂಚಿನ ದಿನ ಮನೆಗೆ ಒಂದು ಸುತ್ತು ಹಾಕಿ. ಸಹಾಯಕ ನಾಯಿಗಳನ್ನು ತರಬೇತು ಮಾಡುವವರು ಫ್ರಿಜ್ಜಿನ ಹಿಡಿಗೆ, ಮೇಜಿನ ಖಾನೆಗೆ ಒಂದೊಂದು ಬಟ್ಟೆಯ ತುಂಡು ಕಟ್ಟುತ್ತಾರೆ, ನಾಯಿ ಅದನ್ನು ಕಚ್ಚಿ ಎಳೆಯುತ್ತದೆ. ಜಾರ್ಜಿಯಾ ಟೆಕ್‌ನವರು ಎಲ್-ಇಗೆ ಬಾಗಿಲು ತೆರೆಯಲು ಕಲಿಸಿದ್ದೂ ಈ ಬಟ್ಟೆಯಿಂದಲೇ. ಲೋಹದ ಹಿಡಿಯ ಆಕಾರ ಗುರುತಿಸಿ, ಕೋನ ಲೆಕ್ಕ ಹಾಕಿ, ಬಿಗಿಹಿಡಿಯುವ ತಂತ್ರಾಂಶಕ್ಕೆ ತಿಂಗಳುಗಟ್ಟಲೆ ಬೇಕು. ಗಾಢ ಬಣ್ಣದ ಹಳೆಯ ಟವೆಲನ್ನು ಹರಿದು, ನೆಲದಿಂದ ಎಂಬತ್ತು ಸೆಂ.ಮೀ. ಎತ್ತರಕ್ಕೆ ತೂಗುವಂತೆ ಗಂಟು ಹಾಕಲು ಐದು ನಿಮಿಷ.